ಮಳೆ ಬಾರದ ಊರಿನಲ್ಲಿ ಮಳೆಯ ಹಾಡು

ನನ್ನ ಅಣ್ಣನ ಮಗ ಪುಣೆಯಲ್ಲಿ ಜಪಾನಿ ಭಾಷೆಯನ್ನು ಕಲಿಯುತ್ತಾನೆ. ಸೋನ್ಯಾಳದ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿ, ಜತ್ತದಲ್ಲಿ ಮರಾಠಿಯಲ್ಲಿ ಮುಂದಿನದನ್ನು ಓದಿ, ಈಗ ಮೂರನೆಯ ಲಿಪಿಗೆ ಕೈ ಹಚ್ಚಿದ್ದಾನೆ. ಗಡಿಭಾಗದ ಮಕ್ಕಳಿಗೆ ಇನ್ನೊಂದು ಭಾಷೆ ಎಂದರೆ ಅಂಜಿಕೆಯಿಲ್ಲ. ಹುಟ್ಟುತ್ತಲೇ ಎರಡರ ನಡುವೆ ಬಿದ್ದವರು. 2018ರ ಶ್ರಾವಣದಲ್ಲಿ ಅವನು ಊರಿಗೆ ಬಂದಿದ್ದ. ನಾನೂ ಮಿರಜದಿಂದ ಹೋಗಿದ್ದೆ. ಸಂಜೆಯ ಹೊತ್ತು ಬೇವಿನ ಮರದ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಹಾಡು ಹಚ್ಚಿದ್ದ. ಮೊದಲು ಪಿಯಾನೊ, ಅದರ ಹಿಂದೆ ಸಣ್ಣಗೆ ಮಳೆಯ ಸದ್ದು, ಆಮೇಲೆ ಒಬ್ಬ ಗಂಡಸಿನ ಮೆದು ದನಿ. ಏನೋ ಇದು ಎಂದು ಕೇಳಿದೆ.

“ಜಪಾನಿನವರದು ರೀ ಕಾಕಾ. ಮಳಿ ದಿವಸ ಮನ್ಯಾಗ ಕುಂತು ಕೇಳಾಕ ಅಂತನ ಇಂಥಾ ಹಾಡಗೋಳ ಒಂದು ದೊಡ್ಡ ಪಟ್ಟೀನ ಐತಿ ಅವರ ಹಂತ್ಯಾಕ.”

ಆ ವರ್ಷ ಮಿರಗ ಒಣಗಿ ಹೋಗಿತ್ತು. ಆರಿದ್ರ, ಪುನರ್ವಸು, ಪುಷ್ಯ ಒಂದರ ಹಿಂದೊಂದು ಬರಿಗೈಯಲ್ಲಿ ಊರ ಮುಂದೆ ಹಾದುಹೋಗಿದ್ದವು. ಮನೆಯ ಹಿಂದೆ ಅಣ್ಣ ದಾಳಿಂಬೆಯ ಯಾವ ಸಾಲನ್ನು ಉಳಿಸಿಕೊಳ್ಳುವುದು, ಯಾವ ಸಾಲಿನ ಆಸೆ ಬಿಡುವುದು ಎಂದು ಲೆಕ್ಕ ಹಾಕುತ್ತಿದ್ದ. ಅವ್ವ ಪಾತ್ರೆ ತೊಳೆದ ನೀರನ್ನು ಎಮ್ಮೆಗೆಂದು ತೆಗೆದಿಟ್ಟಿದ್ದಳು. ನನಗೆ ಸಿಟ್ಟು ಬಂತು. “ಊರಾಗ ಕುಡಿಯಾಕ ನೀರಿಲ್ಲ, ನೀ ಮಳೀ ಹಾಡ ಕೇಳ್ಕೋತ ಕುಂತಿಯಲ್ಲೊ! ನಾಚಿಕಿ ಬರೂದಿಲ್ಲೇನು?” ಎಂದುಬಿಟ್ಟೆ.

ಹುಡುಗ ಹಾಡು ನಿಲ್ಲಿಸಿದ. ಸ್ವಲ್ಪ ಹೊತ್ತಿನ ಮೇಲೆ, ಎದುರಾಡುವ ದನಿಯಲ್ಲಲ್ಲ, ತಿಳಿಯದೆ ಕೇಳುವ ದನಿಯಲ್ಲಿ, “ಹಂಗಾದ್ರ ಮಳಿ ಬಂದ ಊರವರಷ್ಟ ಮಳೀ ಹಾಡ ಕೇಳಬೇಕೇನ್ರಿ ಕಾಕಾ?” ಎಂದ.

ನಾನು ಉತ್ತರ ಹೇಳಲಿಲ್ಲ. ಹೇಳಲು ನನ್ನಲ್ಲಿ ಇರಲೂ ಇಲ್ಲ. ಒಬ್ಬರಿಗೆ ಅನ್ನವಾಗಿರುವುದು ಇನ್ನೊಬ್ಬರಿಗೆ ಆನಂದವಾಗಬಹುದೇ? ಪಕ್ಕದವನು ಯಾವುದಕ್ಕಾಗಿ ಬಾಯಿ ಬಿಡುತ್ತಿದ್ದಾನೋ ಅದನ್ನು ನಾನು ಕಣ್ಣು ಮುಚ್ಚಿ ಸವಿಯುವುದು ಸರಿಯೇ? ಪ್ರಶ್ನೆ ಹಾಡಿನದೆಂದು ತೋರಿದರೂ ಹಾಡಿನದಷ್ಟೇ ಅಲ್ಲ. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲವಾದ್ದರಿಂದ ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇನೆ.

ನಮ್ಮ ಸೀಮೆಯನ್ನು ಬಲ್ಲವರಿಗೆ ಹೇಳಬೇಕಾದುದೇನಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಸಹ್ಯಾದ್ರಿಯನ್ನು ಏರುವಾಗಲೇ ತನ್ನ ಹೊರೆಯನ್ನು ಇಳಿಸಿಬಿಡುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕಿ ಮಳೆ. ಬೆಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಕಾದು ಒಣಗಿ, ಜತ್ತ ತಾಲೂಕನ್ನು ಮುಟ್ಟುವ ಹೊತ್ತಿಗೆ ಅದರಲ್ಲಿ ಕೊಡುವಂಥದು ಹೆಚ್ಚು ಉಳಿದಿರುವುದಿಲ್ಲ. ನಮ್ಮ ಪಾಲಿಗೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು, ಅದೂ ಬಂದರೆ. ನಾವು ನಂಬುವುದು ಭಾದ್ರಪದದ ಉತ್ತರಿ ಮಳೆಯನ್ನು, ಅದರ ಹದದಲ್ಲಿ ಬಿತ್ತುವ ಹಿಂಗಾರಿ ಜೋಳವನ್ನು. ಭೂಗೋಳದ ಪುಸ್ತಕ ಇದನ್ನು ಮಳೆನೆರಳಿನ ಪ್ರದೇಶ ಎನ್ನುತ್ತದೆ. ನೆರಳು ಎಂಬ ಮಾತು ಕಿವಿಗೆ ತಂಪು. ಆ ನೆರಳಿನಲ್ಲಿ ನಿಂತವರಿಗೆ ಗೊತ್ತು ಅದರ ಬಿಸಿಲು. ಊರಿನ ಹೆಸರಿನ ಮೊದಲಲ್ಲೇ ಸೋನೆಯ ಸದ್ದೊಂದು ಇದೆಯಲ್ಲ ಎಂದು ನಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡದ್ದುಂಟು. ಅದು ವ್ಯುತ್ಪತ್ತಿಯಲ್ಲ, ಬರೀ ಆಸೆ.

ಮರುದಿನ ಹುಡುಗನನ್ನು ನಾನೇ ಕರೆದು ಆ ಹಾಡುಗಳ ಕಥೆ ಹೇಳಿಸಿಕೊಂಡೆ. ಗದರಿಸಿದ್ದಕ್ಕೆ ಪ್ರಾಯಶ್ಚಿತ್ತವೆಂದೇ ಇಟ್ಟುಕೊಳ್ಳಿ. ಜಪಾನಿಯಲ್ಲಿ ಮಳೆಗೆ ‘ಆಮೆ’ ಎನ್ನುತ್ತಾರಂತೆ. ಸೋನ್ಯಾಳಕ್ಕೆ ಬರುವ ಮಳೆಯ ನಡಿಗೆಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ ಎಂದೆ. ಇಬ್ಬರೂ ನಕ್ಕೆವು, ಮಾತು ಹಗುರವಾಯಿತು. ಅಲ್ಲಿ ಜೂನ್, ಜುಲೈ ತಿಂಗಳ ಮಳೆಗಾಲಕ್ಕೆ ಪ್ಲಮ್ ಹಣ್ಣಿನ ಮಳೆ ಎಂಬ ಅರ್ಥದ ಹೆಸರು. ಸಂಜೆ ಒಮ್ಮೆಲೆ ಸುರಿದು ನಿಲ್ಲುವ ಮಳೆಗೆ ಒಂದು ಹೆಸರು, ಚಳಿಗಾಲದ ಮುಂಚಿನ ಜಿನುಗಿಗೆ ಇನ್ನೊಂದು. ಬಿಸಿಲಿನಲ್ಲಿ ಮಳೆ ಬಿದ್ದರೆ ಅವರು ನರಿಯ ಮದುವೆ ಎನ್ನುತ್ತಾರೆ. ನಾವು ಕಾಗೆಗೂ ನರಿಗೂ ಮದುವೆ ಎನ್ನುತ್ತೇವೆ. ಅಷ್ಟು ದೂರದ ಎರಡು ನಾಡುಗಳ ಮಕ್ಕಳು ಆಕಾಶ ನೋಡಿ ಒಂದೇ ನರಿಗೆ ಮದುವೆ ಮಾಡಿದ್ದು ಹೇಗೆಂದು ಬಲ್ಲವರು ಹೇಳಬೇಕು.

ಅವರ ಮಳೆಹಾಡುಗಳಲ್ಲಿ ಹಳೆಯದೊಂದು 1969ರದು. ‘ನಾಗಾಸಾಕಿಯಲ್ಲಿ ಇಂದೂ ಮಳೆ’ ಎಂಬ ಅರ್ಥದ ಹೆಸರು; ಹಾಡಿದವರು ಉಚಿಯಾಮಾದಾ ಹಿರೋಶಿ ಮತ್ತು ಕೂಲ್ ಫೈವ್ ಎಂಬ ಮೇಳದವರು. ಕೈತಪ್ಪಿದ ಪ್ರೀತಿಯನ್ನು ಮಳೆಯ ಊರಿನಲ್ಲಿ ಹುಡುಕುತ್ತ ಅಲೆಯುವ ಹಾಡು. 1971ರದು ಇನ್ನೊಂದು, ಒಸಾಕಾ ನಗರದ ಮಿದೊಸುಜಿ ಎಂಬ ಹೆದ್ದಾರಿಯ ಮೇಲೆ ಬೀಳುವ ಮಳೆಯದು. ಅದಕ್ಕೆ ರಾಗ ಹಾಕಿದವರು ವೆಂಚರ್ಸ್ ಎಂಬ ಅಮೆರಿಕದ ವಾದ್ಯಮೇಳದವರು, ಹಾಡಿದವಳು ತೈವಾನಿನ ಗಾಯಕಿ ಔಯಾಂಗ್ ಫೇ ಫೇ. ಮಳೆ ಯಾರ ಸ್ವತ್ತೂ ಅಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ. ಅವನು ಕಟ್ಟೆಯ ಮೇಲೆ ಹಚ್ಚಿದ್ದ ಹಾಡಿನ ಹೆಸರು ‘ರೈನ್’. ಓಎ ಸೆನ್ರಿ ಎಂಬವರು 1988ರಲ್ಲಿ ಹಾಡಿದ್ದು. 2013ರಲ್ಲಿ ಶಿಂಕಾಯ್ ಮಕೊಟೊ ಅವರ ‘ಕೊತೊನೊಹಾ ನೊ ನಿವಾ’ ಎಂಬ ಚಿತ್ರಕ್ಕಾಗಿ ಹಾತಾ ಮೊತೊಹಿರೊ ಎಂಬ ಗಾಯಕ ಅದನ್ನು ಮತ್ತೆ ಹಾಡಿದರು. ಆ ಚಿತ್ರದ ಹುಡುಗ ಮಳೆ ಬಂದ ಬೆಳಿಗ್ಗೆ ಮಾತ್ರ ಶಾಲೆ ತಪ್ಪಿಸಿ ಟೋಕಿಯೊದ ಒಂದು ಉದ್ಯಾನಕ್ಕೆ ಹೋಗುತ್ತಾನೆ. ಅಲ್ಲಿ ಒಬ್ಬ ಹೆಣ್ಣುಮಗಳು ಸಿಗುತ್ತಾಳೆ. ಮಳೆ ಇಲ್ಲದ ದಿನ ಭೇಟಿಯಿಲ್ಲ. “ಅಂವಾನೂ ಮಳೀ ಹಾದೀ ಕಾಯ್ತಾನ ರೀ” ಎಂದ ನಮ್ಮ ಹುಡುಗ. ಅವನ ಬಾಯಾರಿಕೆಯೂ ನಮ್ಮ ಬಾಯಾರಿಕೆಯೂ ಒಂದೇ ಅಲ್ಲವೆಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳದಿರಲು ನನ್ನೊಳಗೇ ಒಂದು ಕಾರಣವಿತ್ತು.

ಆ ಕಾರಣವನ್ನು ಇಲ್ಲಿ ಬರೆಯಲೇಬೇಕು. ಹುಡುಗನನ್ನು ಗದರಿಸಿದ ಹಿಂದಿನ ವರ್ಷದ ಆಷಾಢ. ಮಿರಜದಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ರಾತ್ರಿ ಗಾಯನದ ಬೈಠಕ್ ಇತ್ತು. ಮಿರಜ ಎಂದರೆ ಸಂಗೀತದ ಊರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಬಾಳಿದ್ದು ಇಲ್ಲಿ, 1937ರಲ್ಲಿ ತೀರಿಕೊಂಡ ಮೇಲೆ ಅವರು ಮಲಗಿರುವುದು ಇಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ನೀಲಕಂಠಬುವಾ ಅವರ ಬಳಿ ಪಾಠ ಹೇಳಿಸಿಕೊಂಡದ್ದೂ ಈ ಊರಿನಲ್ಲೇ. ಇಲ್ಲಿ ತಂಬೂರಿ, ಸಿತಾರ ಮಾಡುವ ಮನೆತನಗಳಿವೆ; ಅವರಿಗೆ ಬೇಕಾದ ದೊಡ್ಡ ಬುರುಡೆಕಾಯಿ ಬರುವುದು ಪಂಢರಪುರದ ಕಡೆಯ ಹೊಲಗಳಿಂದ, ಅಂದರೆ ನಮ್ಮ ಒಣ ಸೀಮೆಯ ಮಗ್ಗುಲಿನಿಂದ. ಹೊರಗೆ ಸಣ್ಣಗೆ ಮಳೆ. ಒಳಗೆ ಮಿಯಾಮಲ್ಹಾರ. ಮಲ್ಹಾರಗಳಿಗೆ ಗಾಯಕರು ಮಳೆಗಾಲದಲ್ಲಿ ಹೊತ್ತಿನ ಕಟ್ಟಳೆಯನ್ನು ಸಡಿಲಿಸುತ್ತಾರೆ. ಆ ಋತುವಿನಲ್ಲಿ ಯಾವ ಜಾವದಲ್ಲಾದರೂ ಹಾಡಬಹುದು. ಗಾಯಕರು ಗಾಂಧಾರವನ್ನು ತೂಗಿ ತೂಗಿ, ಎರಡು ನಿಷಾದಗಳ ನಡುವೆ ಮೋಡ ಕವಿಸುತ್ತಿದ್ದರು. ಕೂತವರೆಲ್ಲ ಕಣ್ಣು ಮುಚ್ಚಿದ್ದೆವು.

ಜೇಬಿನಲ್ಲಿ ಫೋನು ಅದುರಿತು. ನೋಡಿದೆ. ಅಣ್ಣ. ಆಲಾಪ ಮಂದ್ರದಿಂದ ಮೇಲೇರುತ್ತಿತ್ತು. ಎದ್ದು ಹೊರಗೆ ಹೋಗಬಹುದಿತ್ತು. ಬಾಗಿಲು ಹತ್ತಿರವೇ ಇತ್ತು. ಗುಂಡಿ ಒತ್ತಿ ಸುಮ್ಮನಾಗಿಸಿದೆ. ಮತ್ತೊಮ್ಮೆ ಅದುರಿತು. ಮತ್ತೆ ಒತ್ತಿದೆ.

ನಡುರಾತ್ರಿಯ ಮೇಲೆ ಮನೆಗೆ ಬಂದು ಫೋನು ಮಾಡಿದರೆ ಅಣ್ಣ ಎಚ್ಚರವಾಗಿಯೇ ಇದ್ದ. “ಏನಿಲ್ಲೋ. ಬೋರ್ ನಿಂತು ಹೋತು. ಒಬ್ಬಾಂವ ಟ್ಯಾಂಕರದಾಂವ ರೊಕ್ಕಾ ಈಗ ಹಾಕಿದ್ರ ಮುಂಜಾನೆ ಬರ್ತೀನಿ ಅಂದಿದ್ದ. ಈಗ ಬ್ಯಾರೇದವರಿಗೆ ಹೋಗ್ಯಾನ. ಇರಲಿ, ನೀ ಮಕ್ಕೋ” ಎಂದ. ಮುಂದಿನ ಟ್ಯಾಂಕರ್ ಸಿಕ್ಕಿದ್ದು ಆರು ದಿನಕ್ಕೆ. ನಲವತ್ತು ಗಿಡ ಹೋದವು. ಅಣ್ಣ ಅದರ ಬಗ್ಗೆ ಅಂದಿನಿಂದ ಇಂದಿನವರೆಗೆ ಒಂದು ಮಾತು ಆಡಿಲ್ಲ. ನಾನು ಎಲ್ಲಿದ್ದೆ ಎಂದೂ ಕೇಳಿಲ್ಲ. ನಾಚಿಕೆ ಬರುವುದಿಲ್ಲವೇ ಎಂದು ಹುಡುಗನನ್ನು ಕೇಳಿದವನು ಇಂಥವನು.

ಓದಿದವರ ಕಷ್ಟವೇನೆಂದರೆ ಅವರಿಗೆ ಸಮರ್ಥನೆಗಳು ಬೇಗ ಸಿಗುತ್ತವೆ. ನನಗೂ ಸಿಕ್ಕವು. ನಮ್ಮ ಅಲಂಕಾರಶಾಸ್ತ್ರದಲ್ಲಿ ಭಟ್ಟನಾಯಕನು ಹೇಳಿದ ಸಾಧಾರಣೀಕರಣವಿದೆಯಲ್ಲ: ಕಾವ್ಯದಲ್ಲಿ ಬರುವ ದುಃಖ ನನ್ನದೂ ಅಲ್ಲ, ನಿನ್ನದೂ ಅಲ್ಲ, ಇಂಥವರದೆಂಬ ಹಂಗು ಕಳಚಿಕೊಂಡು ಅದು ಎಲ್ಲರದಾಗುತ್ತದೆ, ಆದ್ದರಿಂದಲೇ ರಸವಾಗುತ್ತದೆ. ಮೈಸೂರಿನ ಎಂ. ಹಿರಿಯಣ್ಣನವರು ಇದನ್ನು ಬಹಳ ಅಂದವಾಗಿ ಬೆಳೆಸಿದ್ದಾರೆ. ಕಲೆಯನ್ನು ಅನುಭವಿಸುವ ಹೊತ್ತಿನಲ್ಲಿ ಮನುಷ್ಯ ತನ್ನ ಸ್ವಾರ್ಥದ ಲೆಕ್ಕಾಚಾರಗಳಿಂದ ಬಿಡುಗಡೆ ಪಡೆಯುತ್ತಾನೆ. ಅದು ಮೋಕ್ಷವನ್ನು ಹೋಲುತ್ತದೆ, ಆದರೆ ನಿಲ್ಲುವುದಿಲ್ಲ. ಮಿಯಾಮಲ್ಹಾರದ ಮಳೆ ಮಿರಜದ ಮಳೆಯಲ್ಲ, ಸೋನ್ಯಾಳದ ಬರವನ್ನು ಅದು ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಹಾಗಿರುವಾಗ ಅದನ್ನು ಕೇಳಿದ್ದರಲ್ಲಿ ಯಾವ ಅಪರಾಧ?

ಮಾತು ಸರಿಯಾಗಿಯೇ ಇದೆ. ಆದರೂ ಎದೆಗೆ ಒಪ್ಪಲಿಲ್ಲ. ಏಕೆಂದರೆ ಆ ರಾತ್ರಿ ಮಳೆ ಎಲ್ಲರದಾಯಿತು, ಬರ ಮಾತ್ರ ಅಣ್ಣನೊಬ್ಬನದಾಗಿಯೇ ಉಳಿಯಿತು. ಸ್ವಾರ್ಥದ ಲೆಕ್ಕಾಚಾರದಿಂದ ಬಿಡುಗಡೆ ಎನ್ನುವುದು ದೊಡ್ಡ ಮಾತು. ನನಗೆ ಅಂದು ಬಿಡುಗಡೆಯಾದದ್ದು ಅಣ್ಣನ ಲೆಕ್ಕಾಚಾರದಿಂದ.

ಹಾಗೆಂದು ಇನ್ನೊಂದು ತುದಿಗೆ ಹೋಗಿ, ಬರಗಾಲದವರ ಎದುರಿಗೆ ಮಳೆಯ ಸೊಬಗು ಹಾಡುವುದೇ ಪಾಪ ಎನ್ನೋಣವೇ? 2019ರ ಆಗಸ್ಟ್ ತಿಂಗಳು ಆ ತೀರ್ಮಾನವನ್ನೂ ಕೆಡಿಸಿತು. ಕೃಷ್ಣೆ ಉಕ್ಕಿ ಸಾಂಗ್ಲಿ ಪಟ್ಟಣದ ಬೀದಿಗಳಲ್ಲಿ ದೋಣಿ ಓಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ನೆರೆಯಿಂದ ಪಾರಾಗಲು ಹೊರಟವರ ದೋಣಿಯೇ ಮಗುಚಿ ಜನ ಸತ್ತರು. ಅದೇ ದಿನಗಳಲ್ಲಿ, ಅದೇ ಜಿಲ್ಲೆಯ ಜತ್ತ, ಆಟಪಾಡಿ ಕಡೆಯ ಊರುಗಳಿಗೆ ಕುಡಿಯುವ ನೀರು ಟ್ಯಾಂಕರಿನಲ್ಲಿ ಹೋಗುತ್ತಿತ್ತು. ಒಬ್ಬನೇ ಜಿಲ್ಲಾಧಿಕಾರಿಯ ಮೇಜಿನ ಮೇಲೆ ದೋಣಿಯ ಬೇಡಿಕೆ ಒಂದು ಕಡೆ, ಟ್ಯಾಂಕರಿನ ಬೇಡಿಕೆ ಇನ್ನೊಂದು ಕಡೆ. ಮಳೆಯ ಹಾಡನ್ನು ಹಾಡಲು ಎಲ್ಲರೂ ಒಪ್ಪುವ ಒಂದು ಸಮಯ ಬರಲಿ ಎಂದು ಕಾಯುವುದಾದರೆ, ಆ ಸಮಯ ಎಂದಿಗೂ ಬರುವುದಿಲ್ಲ. ಮಳೆ ಯಾರಿಗೋ ಹೆಚ್ಚು, ಯಾರಿಗೋ ಕಡಿಮೆ.

ಜಪಾನಿನವರ ಮಳೆ ಬರೀ ಗಾಜಿನ ಕಿಟಕಿಯ ಮೇಲೆ ಇಳಿಯುವ ಹನಿ ಎಂದು ನಾನು ತಿಳಿದದ್ದೂ ತಪ್ಪೇ. ಯಾವ ನಾಗಾಸಾಕಿಯ ಮಳೆಯನ್ನು 1969ರಲ್ಲಿ ಪ್ರೇಮಗೀತೆ ಮಾಡಿದರೋ ಅದೇ ನಾಗಾಸಾಕಿಯಲ್ಲಿ 1982ರ ಜುಲೈ 23ರ ರಾತ್ರಿ ಗುಡ್ಡಗಳು ಕುಸಿದವು. ಪಕ್ಕದ ನಾಗಾಯೊ ಎಂಬಲ್ಲಿ ಒಂದೇ ಗಂಟೆಯಲ್ಲಿ 187 ಮಿಲಿಮೀಟರ್ ಸುರಿಯಿತು. ನಮ್ಮ ಜತ್ತಕ್ಕೆ ಅದು ನಾಲ್ಕು ತಿಂಗಳ ಮಳೆಯಾದೀತು, ಕೆಲವು ವರ್ಷ ಅದಕ್ಕೂ ಹೆಚ್ಚು. ಸುಮಾರು 300 ಜನ ಸತ್ತರು, ಕಾಣೆಯಾದರು. ಅದಕ್ಕೂ ಹಿಂದಿನ ನೆನಪೊಂದು ಅವರಿಗಿದೆ: 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿದ್ದ ಮೇಲೆ ಸುರಿದ ಕಪ್ಪುಮಳೆ. ಇಬುಸೆ ಮಸುಜಿ ಅವರ ಆ ಹೆಸರಿನ ಕಾದಂಬರಿ ಪುಸ್ತಕವಾಗಿ ಬಂದದ್ದು 1966ರಲ್ಲಿ. ಮೂರೇ ವರ್ಷಕ್ಕೆ, ಬಾಂಬು ಬಿದ್ದ ಇನ್ನೊಂದು ಊರಿನ ಮಳೆ ಪ್ರೇಮದ ಮಳೆಯಾಗಿ ಮನೆ ಮನೆಯ ರೇಡಿಯೊದಲ್ಲಿ ಕೇಳಿಸಿತು. ಅದನ್ನು ಮರೆವು ಎನ್ನಬೇಕೇ? ನನಗೆ ಹಾಗೆ ಅನ್ನಿಸುವುದಿಲ್ಲ. ಮಳೆಯಲ್ಲಿ ವಿಷ ಸುರಿದದ್ದನ್ನು ಕಂಡ ಜನ, ಮತ್ತೆ ಮಳೆಯಲ್ಲಿ ಛತ್ರಿ ಹಿಡಿದು ಯಾರನ್ನೋ ಕಾಯುವಂತಾದರಲ್ಲ, ಅದು ಸಣ್ಣ ಗೆಲುವಲ್ಲ. ಆ ಹಾಡು ಈಗಲೂ ಬಾಳುತ್ತಿದೆ.

ಇಲ್ಲಿಗೆ ಬಂದಾಗ ನನಗೆ ನನ್ನದೇ ಒಂದು ಹಳೆಯ ನೆನಪು ಎದುರಾಯಿತು. ಅದನ್ನು ಮೊದಲೇ ನೆನೆದಿದ್ದರೆ ಹುಡುಗನನ್ನು ಗದರಿಸುತ್ತಿರಲಿಲ್ಲ.

1972ರ ಬರ. ನನಗಾಗ ಹನ್ನೆರಡು ವರ್ಷ. ಅವ್ವ ಸರಕಾರದ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಖಡಿ ಮಾಡಲು ಹೋಗುತ್ತಿದ್ದಳು. ಅಲ್ಲಿ ಕೊಡುತ್ತಿದ್ದ ಸುಕಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದು ನಮ್ಮಿಬ್ಬರಿಗೆ ಹಂಚುತ್ತಿದ್ದಳು. (ಆ ಬರದ ಕಾಮಗಾರಿಗಳ ಅನುಭವದಿಂದಲೇ ಮಹಾರಾಷ್ಟ್ರದ ಉದ್ಯೋಗ ಖಾತರಿ ಕಾಯಿದೆ 1977ರಲ್ಲಿ ಬಂತು, ದೇಶಕ್ಕೆಲ್ಲ ಅದು ಬರಲು 2005 ಆಗಬೇಕಾಯಿತು.) ಊರ ಬಾವಿಯಲ್ಲಿ ನೀರು ತಳ ಹಿಡಿದಿತ್ತು. ಒಬ್ಬರು ಕೆಳಗಿಳಿದು ಚರಿಗೆಯಿಂದ ತುಂಬಿಕೊಟ್ಟರೆ ಮೇಲಿನವರು ಸೇದಬೇಕು. ಅಂಥ ದಿನಗಳಲ್ಲಿ ಓಣಿಯ ಹಿರಿಯರು ಗುರ್ಜಿ ಹೊರಿಸುವುದೆಂದು ನಿಶ್ಚಯಿಸಿದರು. ಹೊರುವವನು ನಾನು.

ಗುರ್ಜಿಯನ್ನು ಕಾಣದ ಇಂದಿನ ಮಕ್ಕಳಿಗಾಗಿ ಹೇಳುತ್ತೇನೆ. ರೊಟ್ಟಿ ಸುಡುವ ಹಂಚನ್ನು ಬೋರಲಿಟ್ಟು, ಅದರ ಮೇಲೆ ಸಗಣಿಯಿಂದ ಗುರ್ಜಿಯನ್ನು ಮಾಡಿ, ಗರಿಕೆ ಸಿಗಿಸಿ, ಒಬ್ಬ ಹುಡುಗನ ತಲೆಯ ಮೇಲೆ ಹೊರಿಸುತ್ತಾರೆ. ಹುಡುಗರ ಹಿಂಡು ಮನೆ ಮನೆಯ ಮುಂದೆ ನಿಂತು ಗುರ್ಜಿಯ ಹಾಡು ಹೇಳಿ ಮಳೆಯನ್ನು ಕರೆಯುತ್ತದೆ. ಮನೆಯಾಕೆ ಹೊರಗೆ ಬಂದು ಗುರ್ಜಿಯ ಮೇಲೆ ತಂಬಿಗೆ ನೀರು ಸುರಿಯುತ್ತಾಳೆ. ಹೊತ್ತವನು ಗರಗರನೆ ತಿರುಗುತ್ತಾನೆ; ನೀರು ಸುತ್ತಲೂ ಚಿಮ್ಮುತ್ತದೆ, ಮಳೆಯ ಹಾಗೆ. ಆಮೇಲೆ ಜೋಳವನ್ನೋ ಹಿಟ್ಟನ್ನೋ ನೀಡುತ್ತಾರೆ. ಕೂಡಿದ್ದನ್ನು ಗುಡಿಯ ಮುಂದೆ ಬೇಯಿಸಿ ಎಲ್ಲರೂ ಉಣ್ಣುತ್ತಾರೆ.

ಆ ದಿನ ಎಷ್ಟು ಮನೆಗಳ ಮುಂದೆ ನಿಂತೆನೋ ಅಷ್ಟು ತಂಬಿಗೆ ನೀರು ನನ್ನ ತಲೆಯ ಮೇಲಿಂದ ಇಳಿದು ಮಣ್ಣಿಗೆ ಹೋಯಿತು. ಬಾವಿಯ ತಳಕ್ಕೆ ಇಳಿದು ತುಂಬಿದ ನೀರು ಅದು. ಒಬ್ಬಾಕೆಯೂ ಅರ್ಧ ತಂಬಿಗೆ ಸುರಿಯಲಿಲ್ಲ, ಒಬ್ಬಾಕೆಯೂ ಬಾಗಿಲು ಹಾಕಿಕೊಳ್ಳಲಿಲ್ಲ. ನನಗೆ ದೇವರ ನೆನಪು ಬರಲಿಲ್ಲ, ಬೆಳೆಯ ನೆನಪೂ ಬರಲಿಲ್ಲ. ತಿಂಗಳುಗಳ ಮೇಲೆ ಮೈ ತುಂಬ ನೀರು ಬಿದ್ದದ್ದರ ಸುಖವಷ್ಟೇ ನೆನಪಿದೆ. ತಿರುಗುತ್ತ ತಿರುಗುತ್ತ ನಕ್ಕಿದ್ದೆ. ಗೆಳೆಯರೂ ಹನಿಗಳ ಕೆಳಗೆ ನಿಲ್ಲಲು ನೂಕಾಡಿದರು. ಬಾಗಿಲಲ್ಲಿ ನಿಂತ ಅವ್ವ, ಖಡಿ ಒಡೆದು ಬೊಕ್ಕೆ ಎದ್ದ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಈಗ ಲೆಕ್ಕ ಹಾಕಿದರೆ ಅದು ದಂಡ. ಇದ್ದ ನೀರನ್ನು ಇಲ್ಲದ ಮಳೆಗಾಗಿ ಚೆಲ್ಲಿದ್ದು. ಆದರೆ ಬರದಲ್ಲಿ ಬೆಂದ ಆ ಹೆಂಗಸರಿಗೆ ನೀರಿನ ಬೆಲೆಯನ್ನು ಕಲಿಸಲು ನಾನು ಯಾರು? ಮಳೆ ಅವರಿಗೆ ಬರೀ ಜೋಳ, ಬರೀ ಮೇವು ಎಂದು ತಿಳಿಯುವುದು ಹೊಟ್ಟೆ ತುಂಬಿದವರ ಭ್ರಮೆ. ಬಡವನಿಗೆ ಸೊಬಗು ಬೇಡ, ಅನ್ನವೊಂದು ಸಾಕು ಎನ್ನುವ ಮಾತು ಮೇಲ್ನೋಟಕ್ಕೆ ಕನಿಕರದ್ದು, ಒಳಗೆ ತಿರಸ್ಕಾರದ್ದು. ಹುಡುಗನನ್ನು ಗದರಿಸಿದಾಗ ನಾನು ಆಡಿದ್ದು ಆ ಮಾತನ್ನೇ. ಸೋನ್ಯಾಳದವನಾಗಿ ಹುಟ್ಟಿದ್ದೀ, ನಿನ್ನ ಪಾಲಿಗೆ ಮಳೆ ಎಂದರೆ ಕೊರತೆ ಮಾತ್ರ. ಕಿಟಕಿ, ಪಿಯಾನೊ, ಪ್ರೇಮ ಬೇರೆಯವರಿಗೆ ಎಂದ ಹಾಗಾಯಿತು.

ಗುರ್ಜಿ ಕರೆಯುವ ಹಾಡು. ಜಪಾನಿನದು ಬಂದ ಮೇಲೆ ಕೇಳುವ ಹಾಡು. ಅಲ್ಲಿಯ ಮಕ್ಕಳು ಮಳೆ ನಿಲ್ಲಲೆಂದು ಬಿಳಿ ಬಟ್ಟೆಯ ಬೊಂಬೆ ಕಟ್ಟಿ ಸೂರಿಗೆ ತೂಗುಹಾಕಿ ಹಾಡುತ್ತಾರೆ. 1921ರ ಆ ಶಿಶುಗೀತೆಯಲ್ಲಿ ನಾಳೆ ಬಿಸಿಲು ತಾರದಿದ್ದರೆ ಬೊಂಬೆಯ ಕತ್ತೇ ಹೋಗುತ್ತದೆಂಬ ಬೆದರಿಕೆಯೂ ಇದೆ. ನಮ್ಮವರು ಬಾ ಎನ್ನುತ್ತಾರೆ, ಅವರ ಮಕ್ಕಳು ಹೋಗು ಎನ್ನುತ್ತಾರೆ, ಅವರ ದೊಡ್ಡವರು ಇರು ಎನ್ನುತ್ತಾರೆ. ನಾನು ಈ ಮೂರನ್ನು ಬೇರೆ ಬೇರೆ ಮನೆಗಳ ಹಾಡೆಂದು ತಿಳಿದಿದ್ದೆ. ಗುರ್ಜಿ ಹೊತ್ತು ನಾವು ಬೇಡಿದ್ದು ಕೊನೆಗೆ ಏನನ್ನು? ಬಿತ್ತಿಗೆ ಮುಗಿದು, ಕಣಜದಲ್ಲಿ ಕಾಳಿದ್ದು, ಸೂರಿನ ಕೆಳಗೆ ಕುಳಿತು, ಮಳೆಯಿಂದ ಬೇರೇನೂ ಬೇಡದೆ ಅದರ ಸದ್ದನ್ನು ಕೇಳುವ ಒಂದು ಸಂಜೆಯನ್ನೇ ಅಲ್ಲವೇ? ಆ ಸಂಜೆ ಬೇರೊಂದು ನಾಡಿನವರಿಗೆ ಮೊದಲೇ ಸಿಕ್ಕಿದೆ. ಅದರಲ್ಲಿ ಹೊಟ್ಟೆಕಿಚ್ಚು ಪಡಬಹುದು, ಪಟ್ಟಿದ್ದೇನೆ. ಆದರೆ ಅದನ್ನು ಅವರು ನಮ್ಮಿಂದ ಕಸಿದುಕೊಂಡದ್ದಲ್ಲ.

ಹಾಗಾದರೆ ಮಿರಜದ ಆ ರಾತ್ರಿ? ಅದಕ್ಕೆ ನಮ್ಮ ಜೋಕುಮಾರನ ಕಥೆಯಲ್ಲಿ ಒಂದು ದಾರಿ ಕಂಡಿತು. ಭಾದ್ರಪದದ ಚೌತಿಗೆ ಗಣಪತಿ ಭೂಮಿಗೆ ಬರುತ್ತಾನೆ. ಜನ ಕಡುಬು, ಮೋದಕ ಮಾಡಿ ಉಣಿಸುತ್ತಾರೆ. ಅವನು ಕೈಲಾಸಕ್ಕೆ ಹೋಗಿ, ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ಹೇಳುತ್ತಾನೆ. ಅವನ ಹಿಂದೆ ಅಷ್ಟಮಿಗೆ ಜೋಕುಮಾರ ಹುಟ್ಟುತ್ತಾನೆ. ಹೆಂಗಸರು ಅವನನ್ನು ಬುಟ್ಟಿಯಲ್ಲಿ ಹೊತ್ತು ಹಾಡುತ್ತ ಕೇರಿ ಕೇರಿ ತಿರುಗುತ್ತಾರೆ. ಅವನಿಗೆ ಅಂಬಲಿಯೇ ಊಟ. ಏಳೇ ದಿನ ಬಾಳಿ ಹುಣ್ಣಿಮೆಗೆ ಸತ್ತುಹೋದ ಅವನು ಶಿವನ ಮುಂದೆ ನಿಜ ಹೇಳುತ್ತಾನೆ: ಹೊಲ ಬಿರಿದಿದೆ, ಜನ ಕಂಗೆಟ್ಟಿದ್ದಾರೆ, ಮಳೆ ಕೊಡು. ಅವನು ಹೇಳಿದ ಮೇಲೆ ಮಳೆ. ಉತ್ತರಿ, ಹಸ್ತದ ಕಾಲ ಅದು. ನಮ್ಮ ಹಿಂಗಾರಿಯ ಮಳೆ ಬರುವುದೂ ಆಗಲೇ. ಗಣಪತಿ ಸುಳ್ಳು ಹೇಳಿದನೆಂದು ನಮ್ಮ ಜನ ಅವನನ್ನು ಬೈಯುವುದಿಲ್ಲ, ಮರುವರ್ಷ ಮೋದಕ ನಿಲ್ಲಿಸುವುದೂ ಇಲ್ಲ. ಉಂಡದ್ದು ತಪ್ಪಲ್ಲ, ಅವನ ಎಲೆಯ ಮೇಲೆ ಅಷ್ಟೇ ಕಂಡಿತು. ಆದರೆ ಒಬ್ಬ ಜೋಕುಮಾರನೂ ಬೇಕು ಎಂದು ಅವರು ಕಂಡುಕೊಂಡರು.

ಆ ರಾತ್ರಿ ನಾನು ಮೋದಕದ ಎಲೆಯ ಮುಂದೆ ಕುಳಿತಿದ್ದೆ. ಜೋಕುಮಾರ ಜೇಬಿನಲ್ಲಿ ಎರಡು ಸಲ ಅದುರಿದ. ಮಲ್ಹಾರವನ್ನು ಕೇಳಿದ್ದಕ್ಕೆ ನನಗೆ ಇಂದು ಪಶ್ಚಾತ್ತಾಪವಿಲ್ಲ. ಗುಂಡಿ ಒತ್ತಿದ್ದಕ್ಕೆ ಇದೆ. ಅವೆರಡೂ ಒಂದೇ ಕೆಲಸವೆಂದು ಒಂದು ವರ್ಷ ನನ್ನನ್ನು ನಾನು ಹಳಿದುಕೊಂಡೆ, ಆ ಸಿಟ್ಟನ್ನು ಹುಡುಗನ ಮೇಲೆ ತೀರಿಸಿಕೊಂಡೆ. ಬೇರೆ ಬೇರೆ ಎಂದು ತಿಳಿಯಲು ತಡವಾಯಿತು. ಎದ್ದು ಹೊರಗೆ ಹೋಗಿ, ಅಂಗಳದ ಸೋನೆಯಲ್ಲಿ ನಿಂತು ಅಣ್ಣನೊಂದಿಗೆ ಮಾತಾಡಿ, ಹಣ ಕಳಿಸಿ, ಮತ್ತೆ ಒಳಗೆ ಬಂದು ಕುಳಿತಿದ್ದರೆ ರಾಗ ಓಡಿಹೋಗುತ್ತಿರಲಿಲ್ಲ. ವಿಲಂಬಿತವಂತೂ ಮುಗಿದಿರುತ್ತಿರಲಿಲ್ಲ.

ಕಾಳಿದಾಸನ ಮೇಘದೂತವನ್ನು ವಿರಹಿಯ ಕಾವ್ಯವೆಂದೇ ಓದಿದ್ದೆವು. ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದ ಬೇಂದ್ರೆಯವರು ಅದನ್ನು ಕನ್ನಡಕ್ಕೆ ತಂದಿದ್ದಾರೆ. ಈಚೆಗೆ ಮತ್ತೆ ತೆರೆದು ನೋಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಯಕ್ಷನು ತನ್ನ ಪ್ರೇಮದ ಸಂದೇಶ ಹೊತ್ತ ಮೋಡಕ್ಕೆ ದಾರಿ ಹೇಳುವಾಗ, ಹಳ್ಳಿಯ ಹೆಂಗಸರು ಬೆಳೆಯ ಫಲ ನಿನ್ನ ಕೈಯಲ್ಲಿದೆ ಎಂದು ತಿಳಿದು ನಿನ್ನನ್ನು ಅಕ್ಕರೆಯಿಂದ ನೋಡುತ್ತಾರೆಂದು ಸೂಚಿಸುತ್ತಾನೆ. ಉತ್ತ ಹೊಲದ ಮೇಲೆ ಹಾದುಹೋಗು ಎನ್ನುತ್ತಾನೆ. ತನ್ನ ಹೆಂಡತಿಯ ನೆನಪಿನಲ್ಲಿ ಕರಗಿಹೋಗಿರುವವನು, ಆ ಅವಸರದಲ್ಲೂ, ಹೊಲವನ್ನು ಮರೆಯಲಿಲ್ಲ. ನನ್ನ ಕೈಯಲ್ಲಿ ಆಗದೆ ಹೋದದ್ದು ಇಷ್ಟೇ.

ಮುಂದೊಂದು ವರ್ಷ ಉತ್ತರಿ ಹಿಡಿಯಿತು. ನಾನೂ ಹುಡುಗನೂ ಇಬ್ಬರೂ ಊರಿನಲ್ಲಿದ್ದೆವು. ರಾತ್ರಿಯ ಊಟದ ಹೊತ್ತಿಗೆ ಮೂಡಣದಲ್ಲಿ ಮಿಂಚಿತು. ಅರ್ಧ ತಾಸಿನಲ್ಲಿ ಪತ್ರಾಸಿನ ಮೇಲೆ ಧೋ ಎಂದು ಸುರಿಯತೊಡಗಿತು. ಮಾತು ಮಾತಿಗೆ ಕೇಳಿಸುವಂತಿರಲಿಲ್ಲ. ಹಾಡು ಕೇಳುವ ಮಾತಂತೂ ದೂರ. ಅಣ್ಣ ಬಾಗಿಲಲ್ಲಿ ನಿಂತು ಕತ್ತಲೆಯನ್ನೇ ನೋಡುತ್ತಿದ್ದ. ಎಂಬತ್ತು ದಾಟಿದ ಅವ್ವ ಗೋಡೆಗೆ ಒರಗಿ ಕುಳಿತು, ಯಾರೊಂದಿಗೂ ಮಾತಾಡದೆ, ಬೆಳಗಿನ ಜಾವದವರೆಗೆ ಕೇಳಿದಳು. ಎಷ್ಟು ಎಕರೆ ಬಿತ್ತುವುದು, ಬೀಜ ಎಲ್ಲಿಂದ ತರುವುದು ಎಂದು ಅಣ್ಣ ಎರಡು ಸಲ ಕೇಳಿದರೂ ಅವಳು ಕೈ ಸನ್ನೆಯಿಂದಲೇ ಸುಮ್ಮನಿರು ಎಂದಳು.

ಬೆಳಗಾಗುವಾಗ ಅಬ್ಬರ ಇಳಿದು ಸೋನೆ ಉಳಿಯಿತು. ಅವ್ವ ಮೊಮ್ಮಗನನ್ನು ಕರೆದು, “ತಮ್ಮಾ, ಆ ಜಪಾನಿನವರ ಹಾಡ ಐತಿ ಅಂದಿದ್ದೆಲ್ಲ, ಹಚ್ಚ ನೋಡೂಣು” ಎಂದಳು. ಅವನು ನಾಗಾಸಾಕಿಯದನ್ನು ಹಚ್ಚಿದ. ಅವ್ವ ಅಂಗೈಯಲ್ಲಿ ಗಲ್ಲ ಇಟ್ಟುಕೊಂಡು ಪೂರಾ ಕೇಳಿದಳು.

“ಏನ್ ಅಂತಾನ ಅಂವಾ?”

“ಹುಡುಕ್ಯಾಡ್ತಾನ ಆಯಿ. ಯಾರದೋ ಹಾದೀ ಕಾಯ್ತಾನ. ಅವ್ರು ಬರೂದಿಲ್ಲ. ಇವತ್ತೂ ಮಳೀನ ಅಂತಾನ.”

“ಬರಲೇ ಇಲ್ಲೇನು?”

“ಇಲ್ಲ.”

ಅವ್ವ ಸ್ವಲ್ಪ ಹೊತ್ತು ಹೊರಗೆ ನೋಡಿದಳು. “ಪಾಪ” ಎಂದಳು. ಮತ್ತೆ, “ಮಳಿಯರೆ ಬಂತಲ್ಲ” ಎಂದಳು. ಅಂಗಳದಲ್ಲಿ ಅಣ್ಣ ಕೂರಿಗೆಯನ್ನು ಹೊರಗೆಳೆದು ಅದರ ಮೇಲಿನ ಎರಡು ವರ್ಷದ ಧೂಳನ್ನು ಒರೆಸುತ್ತಿದ್ದ. ನಾನು ಎದ್ದು ಅವನ ಹತ್ತಿರ ಹೋದೆ.